ಆಟಿಸಂ ಇರುವ ಮಗುವನ್ನು ಅರ್ಥಮಾಡಿಕೊಳ್ಳುವ ಬಗೆ: ದಾವಣಗೆರೆ, ಚಿತ್ರದುರ್ಗದ ಕುಟುಂಬಗಳಿಗೊಂದು ಕೈಪಿಡಿ

ಮಗುವಿಗೆ ಎರಡೂವರೆ ವರ್ಷವಾದರೂ ಮಾತು ಬಾರದಿದ್ದರೆ ನಮ್ಮ ಕಡೆಯ ಮನೆಗಳಲ್ಲಿ ಮೊದಲು ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ, ಆಮೇಲೆ ಮನೆದೇವರಿಗೆ ಹರಕೆ ಹೊರುತ್ತಾರೆ, ಕೊನೆಗೆ ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದ’ ಎಂದು ಸಮಾಧಾನ ಹೇಳುತ್ತಾರೆ. ಹರಕೆಯಿಂದ ತೊಂದರೆಯೇನೂ ಇಲ್ಲ. ಆದರೆ ಬಜೆಯಿಂದ ಮಾತು ಬರುವುದಿಲ್ಲ, ಮತ್ತು ಈ ಸಮಾಧಾನದಲ್ಲಿಯೇ ಒಂದೆರಡು ವರ್ಷ ಕಳೆದುಹೋಗುತ್ತದೆ. ತಡವಾದ ಮಾತಿಗಿಂತ ಹೆಚ್ಚು ಗಮನಿಸಬೇಕಾದದ್ದು ಮಾತಿಗೆ ಮುಂಚೆ ಬರಬೇಕಾದ ನಡವಳಿಕೆಗಳನ್ನು. ಒಂದು ವರ್ಷದ ಹೊತ್ತಿಗೆ ಮಗು ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತದೆಯೇ, ಬೇಕಾದದ್ದನ್ನು ಬೆರಳು ಚಾಚಿ ತೋರಿಸುತ್ತದೆಯೇ, ಆಕಾಶದಲ್ಲಿ ಹಕ್ಕಿಯನ್ನು ಕಂಡಾಗ ಅದನ್ನು ನೋಡಿ ಮತ್ತೆ ನಿಮ್ಮ ಮುಖವನ್ನೂ ನೋಡುತ್ತದೆಯೇ ಎಂಬುದು ಮುಖ್ಯ. ಹದಿನಾರು ತಿಂಗಳಿಗೆ ಒಂದು ಬಿಡಿ ಪದವೂ, ಎರಡು ವರ್ಷಕ್ಕೆ ತಾನಾಗಿ ಜೋಡಿಸಿ ಆಡುವ ಎರಡು ಪದಗಳೂ ಬಾರದಿದ್ದರೆ ತಪಾಸಣೆಗೆ ಹೋಗಬೇಕು. ಬಂದಿದ್ದ ಮಾತು ಯಾವ ವಯಸ್ಸಿನಲ್ಲಿ ನಿಂತುಹೋದರೂ ಮರುವಾರಕ್ಕೆಂದು ಮುಂದೂಡಬಾರದು.

ಆಟಿಸಂ, ಅಂದರೆ ಸ್ವಲೀನತೆ, ಮಿದುಳು ಬೆಳೆಯುವ ಬಗೆಯಲ್ಲಿ ಹುಟ್ಟಿಗಿಂತ ಮುಂಚೆಯೇ ಆರಂಭವಾಗುವ ಒಂದು ವ್ಯತ್ಯಾಸ. ಅದರ ಹಿಂದೆ ಅನುವಂಶೀಯತೆಯ ಪಾಲು ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಹಿಂದೆ ಆಸ್ಪರ್ಜರ್ ಎಂದೂ ಬೇರೆ ಬೇರೆ ಹೆಸರುಗಳಿಂದಲೂ ಕರೆಯುತ್ತಿದ್ದ ಸ್ಥಿತಿಗಳನ್ನೆಲ್ಲ ಅಮೆರಿಕದ ಮನೋವೈದ್ಯರ ಸಂಘವು 2013ರ ತನ್ನ ಕೈಪಿಡಿಯಲ್ಲಿ ಒಂದೇ ಹೆಸರಿನಡಿ ತಂದಿತು. ಅದರ ಪ್ರಕಾರ ನೋಡಬೇಕಾದ ಲಕ್ಷಣಗಳು ಎರಡು ಬಗೆಯವು. ಇತರರೊಡನೆ ಬೆರೆಯುವುದರಲ್ಲಿ ಮತ್ತು ಸಂವಹನದಲ್ಲಿ ಇರುವ ತೊಡಕು ಒಂದು. ಪುನರಾವರ್ತನೆಯಾಗುವ ನಡವಳಿಕೆ, ಒಂದೇ ವಿಷಯದ ಮೇಲಿನ ಗಾಢ ಆಸಕ್ತಿ, ಸದ್ದು, ಬೆಳಕು, ಸ್ಪರ್ಶಗಳಿಗೆ ತೋರುವ ಅಸಾಮಾನ್ಯ ಪ್ರತಿಕ್ರಿಯೆ ಇನ್ನೊಂದು. ಇದು ಸ್ವಲ್ಪದಿಂದ ತೀವ್ರಕ್ಕೆ ಏರುವ ಒಂದೇ ಗೆರೆಯಲ್ಲ. ಬಸ್ ನಿಲ್ದಾಣದ ಫಲಕಗಳನ್ನೆಲ್ಲ ಬಾಯಿಪಾಠವಾಗಿ ಒಪ್ಪಿಸುವ ಹುಡುಗನಿಗೆ ತನ್ನ ಹೊಟ್ಟೆ ನೋಯುತ್ತಿದೆ ಎಂದು ಹೇಳಲು ಬಾರದೆ ಇರಬಹುದು. ಒಂದೂ ಮಾತಾಡದ ಹುಡುಗಿ ಮನೆಯವರು ಹೇಳಿದ್ದನ್ನೆಲ್ಲ ಅರ್ಥಮಾಡಿಕೊಳ್ಳುತ್ತಿರಬಹುದು. ಹೆಣ್ಣುಮಕ್ಕಳಲ್ಲಿ ಇದು ಗಮನಕ್ಕೆ ಬಾರದೆ ಉಳಿಯುವುದು ಹೆಚ್ಚು, ಏಕೆಂದರೆ ಸುಮ್ಮನೆ ಒಂದು ಮೂಲೆಯಲ್ಲಿ ಕುಳಿತ ಹುಡುಗಿಯನ್ನು ನಾವು ‘ಒಳ್ಳೆ ಮಗು’ ಎಂದು ಹೊಗಳಿ ಮುಂದೆ ಹೋಗುತ್ತೇವೆ.

ಲಸಿಕೆಯಿಂದ ಆಟಿಸಂ ಬರುವುದಿಲ್ಲ. ಹಾಗೆ ಶಂಕೆ ಹುಟ್ಟಿಸಿದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂಪಡೆಯಿತು. ತಾಯಿಯ ಪ್ರೀತಿ ಸಾಲದೆ ಮಗು ಹೀಗಾಯಿತೆಂಬ ಕಳೆದ ಶತಮಾನದ ಕಲ್ಪನೆಯೂ ಬಹಳ ಹಿಂದೆಯೇ ಬಿದ್ದುಹೋಗಿದೆ. ಆದರೂ ಎಷ್ಟೋ ಮನೆಗಳಲ್ಲಿ ಸೊಸೆಯ ಮೇಲಿನ ಆರೋಪವಾಗಿ ಅದು ಇನ್ನೂ ಬದುಕಿದೆ. ಇಂದು ಹೆಚ್ಚು ಬೈಸಿಕೊಳ್ಳುತ್ತಿರುವುದು ಮೊಬೈಲು. ಮೊಬೈಲ್ ನೋಡುವುದನ್ನು ಕಡಿಮೆ ಮಾಡಿದರೆ ಆಟಕ್ಕೂ ಮಾತಿಗೂ ಹೊತ್ತು ಸಿಗುತ್ತದೆ, ಆದ್ದರಿಂದ ಕಡಿಮೆ ಮಾಡಿ. ಆದರೆ ಅಷ್ಟರಿಂದ ಎಲ್ಲ ಸರಿಹೋಗುತ್ತದೆಂದು ತಪಾಸಣೆಯನ್ನು ಮುಂದೂಡಬೇಡಿ.

ನಡವಳಿಕೆಯ ಹಿಂದಿನ ಕಾರಣ

‘ಹಟ ಮಾಡುತ್ತಾನೆ’ ಎನ್ನುವುದು ನಡವಳಿಕೆಗೆ ನಾವು ಕೊಡುವ ಹೆಸರಷ್ಟೇ, ಕಾರಣವಲ್ಲ. ಆಟಿಸಂ ಇರುವ ಮಗು ಕಿವಿ ಮುಚ್ಚಿಕೊಂಡು ಕಿರುಚಿದಾಗ, ನೆಲಕ್ಕೆ ಬಿದ್ದು ಹೊರಳಿದಾಗ, ತನ್ನ ತಲೆಯನ್ನೇ ಗೋಡೆಗೆ ಬಡಿದುಕೊಂಡಾಗ ನಾಲ್ಕು ಸಾಧ್ಯತೆಗಳನ್ನು ಮೊದಲು ನೋಡಬೇಕು: ಯಾವುದೋ ಸದ್ದು, ವಾಸನೆ, ಬಟ್ಟೆ ಅಥವಾ ಬೆಳಕು ಅದಕ್ಕೆ ತಾಳಲಾಗದಷ್ಟು ಹಿಂಸೆಯಾಗಿರಬಹುದು, ಮುನ್ಸೂಚನೆಯಿಲ್ಲದೆ ಏನೋ ಬದಲಾಗಿರಬಹುದು, ಬೇಕಾದದ್ದನ್ನು ಹೇಳಲು ಮಾತು ಒದಗದಿರಬಹುದು, ಇಲ್ಲವೇ ಹಲ್ಲುನೋವು, ಕಿವಿನೋವು, ಮಲಬದ್ಧತೆಯಂತಹ ದೇಹದ ನೋವಿರಬಹುದು. ಸದಾ ಶಾಂತವಾಗಿರುತ್ತಿದ್ದ ಮಗು ಇದ್ದಕ್ಕಿದ್ದಂತೆ ಬದಲಾದರೆ ಈ ಕೊನೆಯದನ್ನೇ ಎಲ್ಲಕ್ಕಿಂತ ಮೊದಲು ವೈದ್ಯರಿಂದ ನೋಡಿಸಬೇಕು.

ಕಾರಣ ಹುಡುಕಲು ಒಂದು ಸಾದಾ ನೋಟ್‌ಬುಕ್ ಸಾಕು. ಗಲಾಟೆಗೆ ಸ್ವಲ್ಪ ಮುಂಚೆ ಏನು ನಡೆಯಿತು, ಮಗು ಏನು ಮಾಡಿತು, ಆಮೇಲೆ ಮನೆಯವರು ಏನು ಮಾಡಿದರು ಎಂಬ ಮೂರನ್ನು ದಿನ, ಹೊತ್ತು, ಜಾಗದ ಸಮೇತ ಬರೆಯುತ್ತಾ ಹೋಗಿ. ಉದಾಹರಣೆಗೆ, ಜಗಳೂರಿನ ಅಜ್ಜಿಯ ಮನೆಗೆ ಹೋಗುವ ಬಸ್ಸಿನಲ್ಲಿ ಮಗು ಪ್ರತಿ ಸಲ ಕಿರುಚುತ್ತದೆ ಎಂದುಕೊಳ್ಳೋಣ. ‘ಅಜ್ಜಿಯನ್ನು ಕಂಡರೆ ಆಗುವುದಿಲ್ಲ’ ಎಂದು ಮನೆಯವರು ತೀರ್ಮಾನಿಸಿರುತ್ತಾರೆ. ಆದರೆ ಬರೆದಿಟ್ಟದ್ದನ್ನು ಓದಿದಾಗ ಬಸ್ಸಿನ ಮುಂಭಾಗದಲ್ಲಿ, ಎಂಜಿನ್ ಮತ್ತು ಹಾರ್ನ್ ಹತ್ತಿರ ಕುಳಿತ ದಿನ ಮಾತ್ರ ಹೀಗಾಗಿದೆ ಎಂದು ತಿಳಿಯಬಹುದು. ಆಗ ಬದಲಿಸಬೇಕಾದದ್ದು ಸೀಟು. ಅಜ್ಜಿಯ ಮೇಲಿನ ಆಪಾದನೆಯೂ ತಪ್ಪುತ್ತದೆ.

ನಮ್ಮ ಊರುಗಳ ಜಾತ್ರೆ ಮತ್ತು ಮೆರವಣಿಗೆಗಳು ಇಂತಹ ಮಕ್ಕಳಿಗೆ ದೊಡ್ಡ ಪರೀಕ್ಷೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ರಥೋತ್ಸವ ವರ್ಷಕ್ಕೊಮ್ಮೆ ಬರುತ್ತದೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುವುದರಿಂದ ನಾಲ್ಕು ವರ್ಷದ ಮಗುವಿಗೆ ಹಿಂದಿನ ಜಾತ್ರೆಯ ನೆನಪೇ ಇರುವುದಿಲ್ಲ, ಎಲ್ಲವೂ ಹೊಸದಾಗಿ ಮೈಮೇಲೆ ಬೀಳುತ್ತದೆ. ಕರೆದೊಯ್ಯಲೇಬೇಕೆಂದಿದ್ದರೆ ಹಿಂದಿನ ಜಾತ್ರೆಯ ಫೋಟೊಗಳನ್ನು ಕೆಲವು ದಿನ ಮೊದಲಿನಿಂದಲೇ ತೋರಿಸಿ, ಎಲ್ಲಿಗೆ ಹೋಗುತ್ತೇವೆ, ಏನು ನೋಡುತ್ತೇವೆ, ಯಾವಾಗ ವಾಪಸು ಬರುತ್ತೇವೆ ಎಂಬುದನ್ನು ಅದೇ ಕ್ರಮದಲ್ಲಿ ಹೇಳಿ. ಡೊಳ್ಳು, ಡಿಜೆ ಶುರುವಾಗುವ ಮೊದಲೇ, ಬೆಳಗಿನ ಹೊತ್ತಿನಲ್ಲಿ ದರ್ಶನ ಮುಗಿಸಿ. ಸದ್ದು ತಗ್ಗಿಸುವ, ಕಿವಿಯ ಮೇಲೆ ಕೂರುವ ಹೆಡ್‌ಫೋನ್ ಜೊತೆಗಿರಲಿ. ಮಗುವಿಗೆ ಸಾಕೆನಿಸಿದ ಕೂಡಲೇ ಅದನ್ನು ಕರೆದುಕೊಂಡು ಹೊರಡುವವರು ಯಾರೆಂಬುದು ಮನೆಯಲ್ಲೇ ನಿಶ್ಚಯವಾಗಿರಲಿ. ‘ರೂಢಿಯಾಗಲಿ’ ಎಂದು ಅಳುವ ಮಗುವನ್ನು ತಮಟೆಯ ಎದುರು ನಿಲ್ಲಿಸುವುದರಿಂದ ರೂಢಿಯಾಗುವುದಿಲ್ಲ, ಭಯ ಬೆಳೆಯುತ್ತದೆ.

ಸಂಕಟ ಮಿತಿಮೀರಿ ಮಗು ಸ್ಫೋಟಗೊಂಡ ಹೊತ್ತಿನಲ್ಲಿ ಬುದ್ಧಿ ಹೇಳುವುದು, ಗದರುವುದು, ಪ್ರಶ್ನೆಗಳನ್ನು ಕೇಳುವುದು ಎಲ್ಲವೂ ಇನ್ನಷ್ಟು ಸದ್ದೇ ಆಗುತ್ತದೆ. ಸುತ್ತಲಿನ ಜನರನ್ನು ದೂರ ಸರಿಸಿ, ಬೆಳಕು ಮತ್ತು ಮಾತು ಕಡಿಮೆ ಮಾಡಿ, ಪೆಟ್ಟಾಗದಂತೆ ನೋಡಿಕೊಂಡು ಕಾಯಿರಿ. ಕೈ ಬಡಿಯುವುದು, ಮೈ ತೂಗುವುದು, ಸುತ್ತುವುದು ಮಗು ತನ್ನನ್ನು ತಾನೇ ಸಂತೈಸಿಕೊಳ್ಳುವ ದಾರಿಯಾಗಿರಬಹುದು. ಯಾರಿಗೂ ಪೆಟ್ಟಾಗದಿದ್ದರೆ ಅದನ್ನು ನಿಲ್ಲಿಸಬೇಕಾದ ಅಗತ್ಯವಿಲ್ಲ, ನೆಂಟರಿಗೆ ಮುಜುಗರವಾದರೂ ಸರಿಯೇ.

ಮಾತಿನ ವಿಷಯದಲ್ಲಿ ಒಂದೆರಡು ಸೂಕ್ಷ್ಮಗಳಿವೆ. ‘ನೀರು ಬೇಕಾ?’ ಎಂದು ದಿನವೂ ಕೇಳಿಸಿಕೊಂಡ ಮಗು ಬಾಯಾರಿದಾಗ ತಾನೂ ‘ನೀರು ಬೇಕಾ?’ ಎಂದೇ ಹೇಳಬಹುದು. ಅದು ಅಣಕವಲ್ಲ, ಕೇಳಿದ ಮಾತನ್ನು ಹಾಗೆಯೇ ಹಿಡಿದು ಬಳಸುವ ಪ್ರಯತ್ನ. ತಿದ್ದುವ ಬದಲು ಲೋಟ ಕೊಡುತ್ತಾ ‘ನೀರು ಬೇಕು’ ಎಂದು ಮಗುವಿನ ಪರವಾಗಿ ನೀವೇ ಹೇಳಿ. ದೊಡ್ಡವರನ್ನು ‘ನೀವು’ ಎನ್ನಬೇಕೆಂಬ ಬರೆಯದ ನಿಯಮವೂ ಈ ಮಕ್ಕಳಿಗೆ ತಾನಾಗಿ ಸಿದ್ಧಿಸುವುದಿಲ್ಲ. ಹೈಸ್ಕೂಲಿನ ಹುಡುಗನೊಬ್ಬ ಮೇಷ್ಟರನ್ನು ‘ನೀನು’ ಎಂದು ಕರೆದು ಪೆಟ್ಟು ತಿಂದರೆ ಅದರಿಂದ ಅವನು ಮರ್ಯಾದೆ ಕಲಿಯುವುದಿಲ್ಲ, ಶಾಲೆಗೆ ಹೆದರುವುದನ್ನು ಕಲಿಯುತ್ತಾನೆ. ಯಾರನ್ನು ಹೇಗೆ ಕರೆಯಬೇಕೆಂದು ಹೆಸರುಗಳ ಸಮೇತ ಬಿಡಿಸಿ ಹೇಳಿಕೊಟ್ಟರೆ ಕಲಿಯುತ್ತಾನೆ. ‘ತಲೆ ತಿನ್ನಬೇಡ’ ಎಂಬಂತಹ ಮಾತನ್ನು ಅಕ್ಷರಶಃ ತೆಗೆದುಕೊಳ್ಳುವವರಿಗೆ ‘ಐದು ನಿಮಿಷ ಸುಮ್ಮನಿರು, ಆಮೇಲೆ ಕೇಳು’ ಎಂಬ ನೇರ ಮಾತು ಬೇಕು. ಚಿಕ್ಕ ವಾಕ್ಯದಲ್ಲಿ ಹೇಳಿ, ಉತ್ತರಕ್ಕೆ ಕಾಯಿರಿ. ನಾವು ಕಾಯುವುದು ಸಾಮಾನ್ಯವಾಗಿ ಬಹಳ ಕಡಿಮೆ. ಕಣ್ಣಿಗೆ ಕಣ್ಣಿಟ್ಟು ನೋಡೆಂದು ಒತ್ತಾಯಿಸಬೇಡಿ, ನೋಡದೆಯೂ ಕೇಳಿಸಿಕೊಳ್ಳುತ್ತಿರಬಹುದು. ಚಿತ್ರದ ಕಾರ್ಡು ತೋರಿಸಿ ಕೇಳುವುದನ್ನು ಕಲಿಸಿದರೆ ಮಾತು ನಿಂತುಹೋಗುತ್ತದೆಂಬ ಹೆದರಿಕೆ ನಿರಾಧಾರ. ಹಾಗೆಯೇ ಮನೆಯಲ್ಲಿ ಲಂಬಾಣಿ, ತೆಲುಗು ಅಥವಾ ಉರ್ದು ಆಡುವ ಕುಟುಂಬಗಳಿಗೆ ‘ಮಗುವಿನ ಜೊತೆ ಕನ್ನಡವೊಂದನ್ನೇ ಮಾತಾಡಿ’ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಕಾಗಿಲ್ಲ. ಎರಡು ಭಾಷೆ ಕೇಳಿಸಿಕೊಂಡು ಬೆಳೆಯುವುದರಿಂದ ಆಟಿಸಂ ಬರುವುದೂ ಇಲ್ಲ, ಹೆಚ್ಚುವುದೂ ಇಲ್ಲ. ಅಜ್ಜಿಯ ಭಾಷೆ ಕಳೆದುಕೊಂಡ ಮಗುವಿಗೆ ಮಾತಾಡಲು ಒಬ್ಬರು ಕಡಿಮೆಯಾಗುತ್ತಾರೆ ಅಷ್ಟೇ.

ಒಂದು ಅಪಾಯವನ್ನು ಮಾತ್ರ ಬಿಡಿಸಿ ಹೇಳಲೇಬೇಕು. ಆಟಿಸಂ ಇರುವ ಅನೇಕ ಮಕ್ಕಳು ಹೇಳದೆ ಕೇಳದೆ ಮನೆಯಿಂದ ಹೊರಟುಬಿಡುತ್ತಾರೆ, ಮತ್ತು ಹಲವರಿಗೆ ನೀರಿನ ಸೆಳೆತ ಬಲವಾಗಿರುತ್ತದೆ. ಹೀಗೆ ಹೊರಟ ಮಕ್ಕಳ ಸಾವಿಗೆ ನೀರಿನಲ್ಲಿ ಮುಳುಗುವುದೇ ಪ್ರಮುಖ ಕಾರಣ. ದಾವಣಗೆರೆ ಸುತ್ತಮುತ್ತ ಭದ್ರಾ ನಾಲೆ, ಚಿತ್ರದುರ್ಗದ ಹೊಲಗಳಲ್ಲಿ ಕೃಷಿಹೊಂಡ ಮತ್ತು ತೆರೆದ ಬಾವಿಗಳಿವೆ. ಬಾಗಿಲಿಗೆ ಮಗುವಿನ ಕೈಗೆಟುಕದ ಎತ್ತರದಲ್ಲಿ ಚಿಲಕ ಹಾಕಿಸಿ, ಫೋನ್ ನಂಬರಿರುವ ಬಳೆ ಅಥವಾ ಪದಕ ಕಟ್ಟಿ, ಅಕ್ಕಪಕ್ಕದ ಮನೆಯವರಿಗೂ ಅಂಗಡಿಯವರಿಗೂ ಮಗುವನ್ನು ಪರಿಚಯಿಸಿ, ಸಾಧ್ಯವಾದರೆ ಈಜು ಕಲಿಸಿ. ಮಗು ಕಾಣೆಯಾದರೆ ಬಸ್ ನಿಲ್ದಾಣಕ್ಕಿಂತ ಮೊದಲು ಹತ್ತಿರದ ನೀರಿನ ಕಡೆಗೆ ಓಡಿ.

ತಪಾಸಣೆ, ಥೆರಪಿ, ಪ್ರಮಾಣಪತ್ರ

ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ಕೇಳಿಸದ ಮಗುವೂ ಹೆಸರಿಗೆ ತಿರುಗುವುದಿಲ್ಲ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಮಕ್ಕಳ ಆರೋಗ್ಯ ತಪಾಸಣೆಗೆಂದು ಬರುವ ಆರ್‌ಬಿಎಸ್‌ಕೆ ತಂಡದ ವೈದ್ಯರಿಗೆ ನಿಮ್ಮ ಅನುಮಾನವನ್ನು ಬಾಯಿಬಿಟ್ಟು ಹೇಳಿ, ಏಕೆಂದರೆ ಗುಂಪಿನಲ್ಲಿ ಕೆಲವೇ ನಿಮಿಷ ನೋಡುವವರಿಗೆ ಇದು ಕಾಣದೆ ಹೋಗಬಹುದು. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಮಕ್ಕಳ ಆಸ್ಪತ್ರೆ ಮತ್ತು ಕೇಂದ್ರ ಸರ್ಕಾರದ, ಸಿಆರ್‌ಸಿ ಎಂದು ಕರೆಯುವ ವಿಕಲಚೇತನರ ಸಂಯೋಜಿತ ಪ್ರಾದೇಶಿಕ ಕೇಂದ್ರ ಇವೆ; ಚಿತ್ರದುರ್ಗದವರು ಜಿಲ್ಲಾ ಆಸ್ಪತ್ರೆಯಿಂದ ಆರಂಭಿಸಬಹುದು. ಗೊಂದಲ ಉಳಿದರೆ ಬೆಂಗಳೂರಿನ ನಿಮ್ಹಾನ್ಸ್, ಮಾತಿನ ವಿಷಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಆಟಿಸಂ ಇದೆಯೆಂದು ಹೇಳಲಾರದು. ಮಗುವಿನ ನಡವಳಿಕೆಯನ್ನು ನೋಡಿ, ಪೋಷಕರನ್ನು ವಿಚಾರಿಸಿಯೇ ನಿರ್ಧರಿಸುತ್ತಾರೆ. ಹೊಸ ಜಾಗದಲ್ಲಿ ಮಗು ಬೇರೆಯದೇ ರೀತಿ ವರ್ತಿಸುವುದರಿಂದ ಮನೆಯಲ್ಲಿ ಆಡುವಾಗ, ಊಟ ಮಾಡುವಾಗ, ಕರೆದಾಗ ಹೇಗಿರುತ್ತದೆಂಬ ಚಿಕ್ಕ ವಿಡಿಯೊಗಳನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ.

ಆಟಿಸಂ ಅನ್ನು ಗುಣಪಡಿಸುವ ಔಷಧ ಇಲ್ಲ. ಅತಿಯಾದ ಸಿಡುಕು, ಫಿಟ್ಸ್, ನಿದ್ರಾಹೀನತೆ ಇವುಗಳಿಗೆ ವೈದ್ಯರು ಔಷಧ ಕೊಡಬಹುದು. ಸ್ಟೆಮ್ ಸೆಲ್ ಇಂಜೆಕ್ಷನ್, ಮೈಯಿಂದ ಲೋಹ ತೆಗೆಯುವ ಔಷಧ, ಆಮ್ಲಜನಕದ ಕೋಣೆ ಎಂದು ಲಕ್ಷಗಟ್ಟಲೆ ಕೇಳುವವರ ಹತ್ತಿರ ಹೋಗಬೇಡಿ. ಹೊಲ ಮಾರಿ ಕೊಟ್ಟ ಹಣಕ್ಕೆ ಅಲ್ಲಿ ಸಿಗುವುದು ಆಸೆಯಷ್ಟೇ, ಅಪಾಯ ಬೇರೆ. ಉಪಯೋಗಕ್ಕೆ ಬರುವುದು ಸ್ಪೀಚ್ ಥೆರಪಿ, ದಿನನಿತ್ಯದ ಕೆಲಸಗಳನ್ನು ರೂಢಿಸುವ ಆಕ್ಯುಪೇಷನಲ್ ಥೆರಪಿ, ಮತ್ತು ಪೋಷಕರಿಗೇ ಕೊಡುವ ತರಬೇತಿ. ಯಾವುದೇ ಥೆರಪಿ ಸೆಂಟರಿಗೆ ಸೇರಿಸುವ ಮುನ್ನ ಈ ತಿಂಗಳು ಮಗು ಏನನ್ನು ಕಲಿಯಲಿದೆ, ಅದನ್ನು ಮನೆಯಲ್ಲಿ ಹೇಗೆ ಮುಂದುವರಿಸಬೇಕು, ನಾವು ಒಳಗೆ ಕುಳಿತು ನೋಡಬಹುದೇ ಎಂದು ಕೇಳಿ. ತಂದೆತಾಯಿಯನ್ನು ಒಳಗೆ ಬಿಡದ ಸೆಂಟರ್ ಎಷ್ಟೇ ಹೆಸರಾಗಿದ್ದರೂ ನನ್ನ ಅಭಿಪ್ರಾಯದಲ್ಲಿ ಬಿಡುವುದೇ ಲೇಸು. ವಾರದ ಒಂದೆರಡು ಗಂಟೆಯ ಥೆರಪಿಗಿಂತ ಮನೆಯಲ್ಲಿ ಮಗುವಿನೊಡನೆ ಕಳೆಯುವ ಉಳಿದ ಹೊತ್ತು ಬಹಳ ದೊಡ್ಡದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. ವೈಕಲ್ಯದ ಪ್ರಮಾಣಪತ್ರಕ್ಕೆ 40 ಅಂಶಗಳಿರುವ ಐಎಸ್‌ಎಎ ಎಂಬ ಭಾರತೀಯ ಮಾಪನವನ್ನು ಬಳಸುತ್ತಾರೆ. ಬಹುತೇಕ ಸವಲತ್ತುಗಳಿಗೆ ವೈಕಲ್ಯದ ಪ್ರಮಾಣ ಶೇ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಬೇಕು. ತಿಳಿಯದಿದ್ದರೆ ವಿಕಲಚೇತನರ ಪುನರ್ವಸತಿ ಕಾರ್ಯಕರ್ತರಾದ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು ಅಥವಾ ತಾಲ್ಲೂಕಿನ ಎಂಆರ್‌ಡಬ್ಲ್ಯು ಅವರನ್ನು ಕೇಳಿ, ಅದು ಅವರ ಕೆಲಸವೇ. ಪ್ರಮಾಣಪತ್ರ ಮಾಡಿಸಿದರೆ ಮಗುವಿಗೆ ಹಣೆಪಟ್ಟಿ ಅಂಟುತ್ತದೆಂದು ಹಿಂಜರಿಯುವವರು ಅನೇಕರು. ಅದನ್ನು ಊರಿಗೆಲ್ಲ ತೋರಿಸಬೇಕೆಂದೇನೂ ಇಲ್ಲ, ಆದರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯವೋ ಬರಹಗಾರರ ನೆರವೋ ಬೇಕಾದಾಗ ಅದಿಲ್ಲದೆ ಆಗುವುದಿಲ್ಲ. ಶಾಲೆಯವರು ‘ಇಂತಹ ಮಕ್ಕಳು ನಮ್ಮಲ್ಲಿ ಬೇಡ’ ಎಂದರೆ ಆ ಮಾತನ್ನು ಬರವಣಿಗೆಯಲ್ಲಿ ಕೇಳಿ, ಬಿಇಒ ಕಚೇರಿಗೆ ಹೋಗಿ, ವಿಶೇಷ ಅಗತ್ಯವಿರುವ ಮಕ್ಕಳಿಗೆಂದೇ ತಾಲ್ಲೂಕಿನಲ್ಲಿರುವ ಬಿಐಇಆರ್‌ಟಿ ಶಿಕ್ಷಕರನ್ನು ಜೊತೆಗೆ ಕರೆದುಕೊಳ್ಳಿ.

ಮಗುವಿಗೆ ಹದಿನೆಂಟು ತುಂಬಿದ ದಿನ ಕಾನೂನಿನ ಕಣ್ಣಿನಲ್ಲಿ ತಂದೆತಾಯಿ ಪಾಲಕರಾಗಿ ಉಳಿಯುವುದಿಲ್ಲ ಎಂಬುದು ಅನೇಕರಿಗೆ ಬ್ಯಾಂಕಿನ ಕೌಂಟರಿನಲ್ಲಿ ಗೊತ್ತಾಗುತ್ತದೆ. ತನ್ನ ವ್ಯವಹಾರವನ್ನು ತಾನೇ ನೋಡಿಕೊಳ್ಳಬಲ್ಲವರಿಗೆ ಪಾಲಕರ ಅಗತ್ಯವಿಲ್ಲ, ಅವರ ಹೆಸರಿನಲ್ಲಿ ಅವರೇ ಸಹಿ ಹಾಕಲಿ. ಅಗತ್ಯವಿರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ, ಜಿಲ್ಲಾಧಿಕಾರಿ ಮುಖ್ಯಸ್ಥರಾಗಿರುವ ಸ್ಥಳೀಯ ಮಟ್ಟದ ಸಮಿತಿಯು ಕಾನೂನುಬದ್ಧ ಪಾಲಕರನ್ನು ನೇಮಿಸುತ್ತದೆ. ಅದೇ ನ್ಯಾಸದ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಇದೆ. ಎರಡಕ್ಕೂ ಪ್ರಮಾಣಪತ್ರದ ಪ್ರತಿ ಬೇಕಾಗುವುದರಿಂದ ಹದಿನೇಳನೆಯ ವರ್ಷದಲ್ಲಿಯೇ ಅದರ ಅವಧಿ ಮುಗಿದಿದೆಯೇ ಎಂದು ತೆಗೆದು ನೋಡಿ, ಮುಗಿದಿದ್ದರೆ ನವೀಕರಣಕ್ಕೆ ಆಗಲೇ ಅರ್ಜಿ ಹಾಕಿ.