ಲಾಂಗ್ ರನ್‌ಗೆ, ಅಂದ್ರೆ ತುಂಬಾ ದೂರ ಒಂದೇ ಸಮನೆ ಓಡೋಕೆ, ದಪ್ಪ ಸೋಲ್ ಶೂ ತಗೊಳ್ಳೋಕೆ ಮುಂಚೆ ಏನೇನ್ ನೋಡ್ಬೇಕು

ಅಂಗಡೀಲಿ ಹಾಕ್ಕೊಂಡ ತಕ್ಷಣ ಅಬ್ಬಾ ಹತ್ತಿ ಹಾಸಿಗೆ ಮೇಲೆ ನಿಂತಂಗಿದೆ ಅನ್ಸುತ್ತಲ್ಲ, ಅದೊಂದನ್ನೇ ನಂಬ್ಕೊಂಡು ದುಡ್ಡು ಕೊಡ್ಬೇಡಿ. ನಾನು ಕೊಟ್ಟಿದೀನಿ. ಹಾಫ್ ಮ್ಯಾರಥಾನ್‌ಗೆ, ಅಂದ್ರೆ 21 ಕಿಮೀ ಓಟಕ್ಕೆ, ತಯಾರಿ ಮಾಡ್ತಿದ್ದಾಗ ಹದಿಮೂರು ಸಾವಿರ ಚಿಲ್ರೆ ಕೊಟ್ಟು ಒಂದು ಜೋಡಿ ತಗೊಂಡೆ, ಯಾವ ಕಂಪನಿ ಅನ್ನೋದು ಬೇಡ ಬಿಡಿ, ಮೊದಲ 8 ಕಿಮೀ ಸ್ವರ್ಗ, 15 ದಾಟಿದ್ಮೇಲೆ ಎಡಗಾಲಿನ ಹಿಮ್ಮಡಿ ಒಳಗಡೆಗೆ ವಾಲೋಕೆ ಶುರು, 18ಕ್ಕೆ ಕಬ್ಬನ್ ಪಾರ್ಕ್ ಬ್ಯಾಂಡ್‌ಸ್ಟ್ಯಾಂಡ್ ಹತ್ರ ಕೂತು ಶೂ ಬಿಚ್ಚಿ ಕಾಲು ಒತ್ಕೋತಾ ಇದ್ದೆ. ಶೂ ಕೆಟ್ಟದೇನಲ್ಲ, ನನ್ ಜೊತೆ ಓಡೋ ಇನ್ನೊಬ್ರು ಅದೇ ಮಾಡೆಲ್‌ನಲ್ಲಿ ಆರಾಮಾಗಿ ಓಡ್ತಾರೆ. ನಾನು ಆರಿಸಿದ್ದು ಅಂಗಡೀಲಿ ನಿಂತಿರೋ ಫ್ರೆಶ್ ಕಾಲಿಗೆ, ಅದನ್ನ ಹಾಕ್ಕೊಂಡು ಓಡ್ಬೇಕಾಗಿದ್ದು 18ನೇ ಕಿಮೀನಲ್ಲಿ ಸುಸ್ತಾಗಿರೋ ಕಾಲು. ಎಡವಟ್ಟಾಗಿದ್ದು ಅಲ್ಲೇ.

ಸುಸ್ತಾದ ಕಾಲು ಬೇರೆ ಥರ ಇಳಿಯುತ್ತೆ. ಸೊಂಟ ಕೆಳಗೆ ಕೂರುತ್ತೆ, ಹೆಜ್ಜೆ ಭಾರ ಆಗುತ್ತೆ, ಪಾದ ಒಳಗೋ ಹೊರಗೋ ಜಾಸ್ತಿ ಹೊರಳುತ್ತೆ. ಆವಾಗ ಕೆಳಗೆ 40 ಮಿಮೀ ಮೆತ್ತನೆ ಫೋಮ್ ಇದ್ರೆ ಆ ಹೊರಳೋದು ಇನ್ನೂ ಜಾಸ್ತಿ ಆಗಬಹುದು. ಅದಕ್ಕೆ ದಪ್ಪ ಸೋಲ್ ಶೂನಲ್ಲಿ ನಾನು ಮೊದಲು ನೋಡೋದು ಮೆತ್ತಗಿದೆಯಾ ಅಂತ ಅಲ್ಲ, ತಳ ಎಷ್ಟು ಅಗಲ ಇದೆ ಅಂತ. ಶೂನ ಟೇಬಲ್ ಮೇಲಿಟ್ಟು ಹಿಂದಗಡೆಯಿಂದ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿ, ನೆಲ ಮುಟ್ಟೋ ಜಾಗ ಹಿಮ್ಮಡಿಗಿಂತ ಅಗಲ ಇರ್ಬೇಕು, ಕೆಳಗೆ ಕಿರಿದಾಗ್ತಾ ಹೋಗಿದ್ರೆ ಅನುಮಾನ ಪಡಿ. ನಡು ಭಾಗಾನೂ ನೋಡಿ, ಕೆಲವು ಶೂಗಳು ಅಲ್ಲಿ ತುಂಬಾ ಸೊರಗಿರ್ತವೆ. ಪಾದ ಫೋಮ್ ಮೇಲೆ ಕೂತಿದ್ಯಾ ಇಲ್ಲಾ ಫೋಮ್ ಒಳಗೆ ತೊಟ್ಟಿಲಲ್ಲಿ ಕೂತಂಗೆ ಕೂತಿದ್ಯಾ ಅನ್ನೋದೂ ಮುಖ್ಯ, ಅಂಚು ಸ್ವಲ್ಪ ಮೇಲೆದ್ದು ಹಿಮ್ಮಡೀನ ಹಿಡ್ಕೊಂಡಿದ್ರೆ ದಪ್ಪ ಇದ್ರೂ ಸ್ಥಿರ ಇರುತ್ತೆ.

ಇನ್ನು ಮೆತ್ತಗೆ ಅನ್ನೋದರಲ್ಲೂ ಒಂದು ಮೋಸ ಇದೆ. ಶೂ ಒಳಗಿನ ತೆಗೆಯೋಕೆ ಬರೋ ಅಟ್ಟೆ ಇರುತ್ತಲ್ಲ, ಅಂಗಡೀಲಿ ಹಾಕ್ಕೊಂಡಾಗ ಸಿಗೋ ಆ ಆಹಾ ಅನ್ನೋ ಫೀಲಲ್ಲಿ ಅದರದ್ದೂ ದೊಡ್ಡ ಪಾಲು ಇರುತ್ತೆ, ಸ್ವಲ್ಪ ದಿನ ಓಡಿದ್ಮೇಲೆ ಅದು ಚಪ್ಪಟೆ ಆಗಿ ಹೋಗುತ್ತೆ. ಅದನ್ನ ಹೊರಗೆ ತೆಗೆದು ಪಕ್ಕಕ್ಕಿಟ್ಟು ಸೋಲ್‌ನ ಫೋಮ್‌ಗೆ ಹೆಬ್ಬೆಟ್ಟು ಒತ್ತಿ ನೋಡಿ. ಒಳ್ಳೆ ಮಲ್ಲಿಗೆ ಇಡ್ಲಿ ಥರ, ಒತ್ತಿದ್ರೆ ಒಳಗೆ ಹೋಗ್ಬೇಕು, ಬಿಟ್ರೆ ತಕ್ಷಣ ಎದ್ದು ಬರ್ಬೇಕು. ಒತ್ತಿದ ಗುರುತು ಹಾಗೇ ನಿಂತ್ರೆ ಲಾಂಗ್ ರನ್‌ಗೆ ಬೇಡ.

ಫೋಮ್ ಜಾತಿ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ, ಸ್ಥೂಲವಾಗಿ ಗೊತ್ತಿದ್ರೆ ಸಾಕು. ಈವಿಎ ಹಳೇದು, ಹಗುರ, ಬೆಲೆ ಕಮ್ಮಿ, ಆದ್ರೆ ಬೇಗ ಸಾಯುತ್ತೆ. ಟಿಪಿಯು, ಅಂದ್ರೆ 2013ರಲ್ಲಿ ಅಡಿಡಾಸ್ ಬೂಸ್ಟ್ ಅಂತ ತಂದಿದ್ದು, ಬಾಳಿಕೆ ಜಾಸ್ತಿ ಆದ್ರೆ ಭಾರ. ಪೀಬಾ ಅಂತ ಬರೋದು ರೇಸ್ ಶೂಗಳ ಫೋಮ್, ನೈಕಿ ಇನ್ವಿನ್ಸಿಬಲ್‌ನಂಥ ಕೆಲವು ಟ್ರೈನಿಂಗ್ ಶೂಗಳಿಗೂ ಆ ಥರದ್ದನ್ನ ಹಾಕಿದಾರೆ, ಪುಟಿಯೋದು ಜಾಸ್ತಿ, ಬೆಲೇನೂ ಜಾಸ್ತಿ.

ಲಾಂಗ್ ರನ್‌ಗೂ ರಿಕವರಿ ರನ್‌ಗೂ ಒಂದೇ ಶೂ ಸಾಕಾ ಅಂತ ಎಲ್ರೂ ಕೇಳ್ತಾರೆ. ಎರಡರ ಕೆಲಸ ಬೇರೆ. ರಿಕವರಿ ಅಂದ್ರೆ ದೊಡ್ಡ ಓಟದ ಸುಸ್ತು ಇಳಿಸೋಕೆ ಓಡೋದು, ಪಕ್ಕದಲ್ಲಿರೋರ ಜೊತೆ ಮನೆ ವಿಷಯ ಎಲ್ಲಾ ಮಾತಾಡ್ಕೊಂಡು ಓಡೋ ಸ್ಪೀಡು, 5–8 ಕಿಮೀ, ಅಲ್ಲಿ ಶೂ ಭಾರ ಇದ್ರೂ ಪುಟಿಯದೇ ಮಂದ ಇದ್ರೂ ಪರ್ವಾಗಿಲ್ಲ, ನಿಜ ಹೇಳ್ಬೇಕಂದ್ರೆ ಮಂದ ಇದ್ರೇನೇ ಒಳ್ಳೇದು, ಪುಟಿಯೋ ಶೂ ಹಾಕಿದ್ರೆ ನಮಗೇ ಗೊತ್ತಿಲ್ದಂಗೆ ಸ್ಪೀಡ್ ಜಾಸ್ತಿ ಆಗಿ ರಿಕವರಿ ಅನ್ನೋದು ಹೆಸರಿಗಷ್ಟೇ ಉಳಿಯುತ್ತೆ. ಲಾಂಗ್ ರನ್‌ಗೆ ಹಂಗಲ್ಲ, ಎರಡು ಮೂರು ಗಂಟೆ ಎತ್ತಿ ಎತ್ತಿ ಹಾಕ್ಬೇಕಲ್ಲ, ಒಂದೊಂದು ಶೂನಲ್ಲಿ 100 ಗ್ರಾಂ ಹೆಚ್ಚಿದ್ರೆ ಓಡೋಕೆ ಬೇಕಾಗೋ ಶಕ್ತಿ ಸುಮಾರು 1% ಹೆಚ್ಚಾಗುತ್ತೆ. ಹಾಗಾಗಿ ಲಾಂಗ್ ರನ್‌ಗೆ ಸ್ವಲ್ಪ ಹಗುರ, ಸ್ವಲ್ಪ ಪುಟಿಯೋದು, ಉದಾಹರಣೆಗೆ ಏಸಿಕ್ಸ್ ನೋವಾಬ್ಲಾಸ್ಟ್ ಥರದ್ದು, ರಿಕವರಿಗೆ ಹೋಕಾ ಬಾಂಡಿ ಥರದ ದೊಡ್ಡ ದೋಣಿ ಆಗುತ್ತೆ. ಒಂದೇ ಜೋಡಿಗೆ ದುಡ್ಡಿರೋದಾದ್ರೆ ಲಾಂಗ್ ರನ್ ಶೂನೇ ತಗೊಳ್ಳಿ, ಅದರಲ್ಲಿ ನಿಧಾನಕ್ಕೂ ಓಡಬಹುದು.

ಡ್ರಾಪ್ ಅಂತ ಒಂದು ನಂಬರ್ ಇರುತ್ತೆ, ಹಿಮ್ಮಡಿ ಕೆಳಗಿನ ದಪ್ಪಕ್ಕೂ ಬೆರಳಿನ ಕಡೆಯ ದಪ್ಪಕ್ಕೂ ಇರೋ ವ್ಯತ್ಯಾಸ. ಬಾಂಡಿ 4–5 ಮಿಮೀ, ನ್ಯೂ ಬ್ಯಾಲೆನ್ಸ್ 1080 ಇತ್ತೀಚಿನವು 6, ಏಸಿಕ್ಸ್ ನಿಂಬಸ್ 8, ಬ್ರೂಕ್ಸ್ ಗ್ಲಿಸರಿನ್ 10, ಆಲ್ಟ್ರಾದವರ ಬಹುಪಾಲು ಶೂಗಳು ಸೊನ್ನೆ. ಡ್ರಾಪ್ ಕಮ್ಮಿ ಆದಷ್ಟೂ ಮೀನಖಂಡಕ್ಕೆ, ಹಿಮ್ಮಡಿ ಹಿಂದಿನ ಸ್ನಾಯುರಜ್ಜುವಿಗೆ (ಅಕಿಲಿಸ್) ಕೆಲಸ ಜಾಸ್ತಿ, ಡ್ರಾಪ್ ಜಾಸ್ತಿ ಆದ್ರೆ ಮಂಡಿ ಕಡೆ ಭಾರ ಹೋಗುತ್ತೆ. ಇದರಲ್ಲಿ ಒಳ್ಳೇದು ಕೆಟ್ಟದು ಅಂತ ಇಲ್ಲ, ನಿಮ್ಮ ಹಳೇ ಶೂ 10 ಇದ್ದು ನೋವಿಲ್ದೇ ಓಡ್ತಿದ್ರೆ ಯಾರೋ ಹೇಳಿದ್ರು ಅಂತ ಏಕ್‌ದಂ 4ಕ್ಕೆ ಹಾರ್ಬೇಡಿ ಅಷ್ಟೇ.

ದಪ್ಪ ಇದ್ರೆ ಗಾಯ ಆಗಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. 2018ರಲ್ಲಿ ಫಿನ್‌ಲೆಂಡ್ ಸಂಶೋಧಕರು ಅಳೆದು ನೋಡಿದಾಗ ದಪ್ಪ ಸೋಲ್ ಶೂನಲ್ಲಿ ಹೆಜ್ಜೆ ಬೀಳೋ ಹೊಡೆತ ಕಮ್ಮಿ ಆಗೋ ಬದಲು ಜಾಸ್ತಿ ಆಗಿತ್ತು, ಅದೂ ಸ್ಪೀಡ್ ಏರಿದಾಗ, ಯಾಕಂದ್ರೆ ಕೆಳಗೆ ಮೆತ್ತಗಿದೆ ಅಂತ ಕಾಲು ತಾನೇ ಬಿಗಿಯಾಗಿ ಇಳಿಯುತ್ತೆ. ಇನ್ನೊಂದ್ ಕಡೆ ಲಕ್ಸೆಂಬರ್ಗ್‌ನಲ್ಲಿ 800ಕ್ಕೂ ಹೆಚ್ಚು ಓಟಗಾರರಿಗೆ ಶೂ ಕೊಟ್ಟು ನೋಡಿದಾಗ ಗಟ್ಟಿ ಶೂ ಹಾಕಿದವರಿಗೇ ಗಾಯ ಜಾಸ್ತಿ ಆಗಿತ್ತು. ನನಗೆ ಇದರಿಂದ ಅರ್ಥ ಆಗಿದ್ದು ಇಷ್ಟು, ನಿಧಾನದ ಓಟಕ್ಕೆ ದಪ್ಪ ಮೆತ್ತನೆ ಶೂ ಸರಿ, ಟ್ರ್ಯಾಕ್ ಮೇಲೆ ಇಂಟರ್ವಲ್ (ಬಿಟ್ಟು ಬಿಟ್ಟು ಜೋರಾಗಿ ಓಡೋದು) ಹೊಡೆಯೋಕೆ ಬೇಡ. ಮತ್ತೆ ರೇಸ್‌ಗೆ ಸೋಲ್ ದಪ್ಪ 40 ಮಿಮೀ ಮೀರಬಾರದು ಅಂತ ಮಿತಿ ಇದೆಯಂತಲ್ಲ ಅಂತ ಹೆದರ್ಬೇಡಿ, ಅದು ಗೆಲ್ಲೋಕೆ ಓಡೋ ಎಲೈಟ್ ಓಟಗಾರರ ತಲೆನೋವು. 2021ರ ವಿಯೆನ್ನಾ ಮ್ಯಾರಥಾನ್‌ನಲ್ಲಿ ಮೊದಲು ಬಂದ ಡೆರಾರಾ ಹುರಿಸಾ 50 ಮಿಮೀ ಸೋಲ್ ಹಾಕಿದ್ದಕ್ಕೆ ಗೆಲುವು ಕಳ್ಕೊಂಡ್ರು. ನಮ್ಮಂಥೋರು ಭಾನುವಾರ ಬೆಳಗ್ಗೆ ಎಷ್ಟು ದಪ್ಪ ಹಾಕಿದ್ರೂ ಯಾರೂ ಸ್ಕೇಲ್ ಹಿಡ್ಕೊಂಡು ಬರಲ್ಲ.

ಅಂಗಡಿಗೆ ಸಂಜೆ ಹೋಗಿ, ದಿನವಿಡೀ ಓಡಾಡಿ ಪಾದ ಸ್ವಲ್ಪ ಊದಿರುತ್ತೆ, ಲಾಂಗ್ ರನ್‌ನಲ್ಲೂ ಹಾಗೇ ಊದುತ್ತೆ. ಓಡೋವಾಗ ಹಾಕೋ ಸಾಕ್ಸೇ ತಗೊಂಡ್ ಹೋಗಿ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆಟ್ಟಿನ ಅಗಲದಷ್ಟು ಜಾಗ ಬೇಕು, ಇಲ್ಲಾಂದ್ರೆ ಇಳಿಜಾರಲ್ಲಿ ಉಗುರು ಕಪ್ಪಾಗುತ್ತೆ, ಚಾಮುಂಡಿ ಬೆಟ್ಟ ಹತ್ತಿ ರಸ್ತೇಲಿ ಓಡ್ಕೊಂಡು ಇಳಿಯೋರನ್ನ ಕೇಳಿ ನೋಡಿ. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ನಮ್ಮಲ್ಲಿ ಎಷ್ಟೋ ಜನಕ್ಕೆ ಮುಂಗಾಲು ಅಗಲ, ಅದಕ್ಕೆ ಉದ್ದ ಹೆಚ್ಚಿಸ್ಕೊಂಡು ಅರ್ಧ ಸೈಜು ಮೇಲೆ ಹೋಗೋ ಬದಲು ವೈಡ್ ಇದೆಯಾ ಕೇಳಿ, ಅದರ ಅಗಲದ ಗುರುತು ಗಂಡಸರಲ್ಲಿ 2ಇ, ಹೆಂಗಸರಲ್ಲಿ ಡಿ. ಹಿಮ್ಮಡಿ ಜಾರ್ತಿದ್ರೆ ಮೇಲಿನ ಕೊನೇ ಎಕ್ಸ್‌ಟ್ರಾ ತೂತು ಇರುತ್ತಲ್ಲ, ಎಷ್ಟೋ ಜನ ಅದು ಯಾಕಿದೆ ಅಂತಾನೇ ನೋಡಿರಲ್ಲ, ಅದರಲ್ಲಿ ಲೇಸ್ ಕುಣಿಕೆ ಮಾಡಿ ಕಟ್ಟಿ.

ಆಮೇಲೆ ನಾಚಿಕೆ ಬಿಟ್ಟು ಟೆಸ್ಟ್ ಮಾಡಿ. ಒಂಟಿ ಕಾಲಲ್ಲಿ ನಿಂತು ಹತ್ತು ಬಸ್ಕಿ ಥರ ಅರ್ಧ ಬಗ್ಗಿ ಏಳಿ, ಅಷ್ಟರಲ್ಲಿ ಕಾಲು ಸುಸ್ತಾಗಿ ಮಂಡಿ ನಡುಗುತ್ತೆ, ಆವಾಗ ಪಾದ ಯಾವ ಕಡೆ ವಾಲುತ್ತೆ ನೋಡಿ. ಮೆಟ್ಲು ಇಳಿದು ನೋಡಿ. ಅಂಗಡಿಯವರು ಬಿಟ್ರೆ ಹೊರಗೆ ಅಥವಾ ಟ್ರೆಡ್‌ಮಿಲ್ ಮೇಲೆ ಐದು ನಿಮಿಷ ಓಡಿ. ನನ್ನ ಹದಿಮೂರು ಸಾವಿರ ಈ ಒಂಟಿ ಕಾಲಿನ ಟೆಸ್ಟ್‌ನಲ್ಲೇ ಉಳೀತಿತ್ತು.

ನಮ್ಮ ರಸ್ತೆಗಳ ವಿಷಯಾನೂ ಲೆಕ್ಕಕ್ಕೆ ತಗೊಳ್ಳಿ. ಮಳೆಗಾಲದಲ್ಲಿ ಒದ್ದೆ ಕಲ್ಲು ಚಪ್ಪಡಿ ಫುಟ್‌ಪಾತ್ ಮೇಲೆ ರಬ್ಬರ್ ಇಲ್ಲದ ಬರೀ ಫೋಮ್ ತಳ ಜಾರುತ್ತೆ, ಬೇಗ ಸವೆಯುತ್ತೆ ಕೂಡ, ಹಾಗಾಗಿ ಹಿಮ್ಮಡಿ ಹೊರ ಅಂಚಲ್ಲೂ ಮುಂಗಾಲಲ್ಲೂ ರಬ್ಬರ್ ಇದೆಯಾ ನೋಡಿ. ಗುಂಡಿ, ಕಿತ್ತ ಡಾಂಬರು, ರೋಡ್ ಹಂಪು ಇರೋ ಕಡೆ ಎತ್ತರದ ಶೂನಲ್ಲಿ ಕಾಲು ಉಳುಕೋ ಸಾಧ್ಯತೆ ಜಾಸ್ತಿ. ಮೊದಲೇ ಹಿಮ್ಮಡಿ ಗಂಟು ಉಳುಕೋ ಅಭ್ಯಾಸ ಇರೋರು ಸೋಲ್ 30 ಮಿಮೀ ಆಸುಪಾಸಿನದ್ದೇ ತಗೊಳ್ಳಿ. ಕತ್ತಲಲ್ಲಿ ಓಡೋರು ಅಂತೂ ಹೆಡ್‌ಲೈಟ್ ಹಾಕ್ಕೊಳ್ಳಿ.

ಬೆಲೆ ವಿಷಯಕ್ಕೆ ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ಅಕ್ಷರಶಃ ಸರಿ. ಹೊಸ ವರ್ಶನ್ ಬಂದ ತಕ್ಷಣ ಹಿಂದಿನದ್ದು ಒಳ್ಳೆ ಡಿಸ್ಕೌಂಟಲ್ಲಿ ಸಿಗುತ್ತೆ, ಕೆಲವು ಸಲ ಬದಲಾಗಿರೋದು ಮೇಲಿನ ಬಟ್ಟೆ ಮಾತ್ರ. ಆದ್ರೆ ಫೋಮ್ ಬದಲಾಗಿದ್ರೆ ಅದೇ ಹೆಸರಿನ ಬೇರೆ ಶೂ ಅಂತಾನೇ ತಿಳ್ಕೊಂಡು ಮತ್ತೆ ಹಾಕಿ ನೋಡಿ.

ತಂದ ವಾರಾನೇ 20 ಕಿಮೀಗೆ ಹಾಕ್ಬೇಡಿ, ಮೊದಲು 4–5 ಕಿಮೀ ರಿಕವರಿಗೆ, ಎರಡು ವಾರ ಹಳೇದರ ಜೊತೆ ಸರದಿ ಮೇಲೆ. ಒದ್ದೆ ಆದ್ರೆ ಅಟ್ಟೆ ತೆಗೆದು ಒಳಗೆ ಹಳೇ ಪೇಪರ್ ತುರುಕಿ ಫ್ಯಾನ್ ಕೆಳಗಿಡಿ, ಬಿಸಿಲಿಗೆ ಬೇಡ, ಸ್ಕೂಟರ್ ಡಿಕ್ಕಿಯಲ್ಲಂತೂ ಬೇಡವೇ ಬೇಡ, ಶಾಖಕ್ಕೆ ಗಮ್ಮೂ ಫೋಮೂ ಎರಡೂ ಹಾಳು. 500ರಿಂದ 800 ಕಿಮೀ ಬಾಳುತ್ತೆ ಅಂತಾರೆ, ತೂಕ ಜಾಸ್ತಿ ಇರೋರಿಗೆ ಬೇಗ ಮುಗಿಯುತ್ತೆ, ಆಪ್‌ನಲ್ಲಿ ಶೂ ಹೆಸರು ಹಾಕಿ ಲೆಕ್ಕ ಇಡಿ. ಸೋಲ್ ಪಕ್ಕದ ಸುಕ್ಕು ಒಂದೇ ಕಡೆ ಆಳ ಆಗಿದ್ರೆ, ಟೇಬಲ್ ಮೇಲಿಟ್ಟಾಗ ಶೂನೇ ಓರೆ ನಿಂತ್ರೆ, ಅದರ ಲಾಂಗ್ ರನ್ ಕಾಲ ಮುಗೀತು. ಮಾರ್ಕೆಟ್‌ಗೆ ಸೊಪ್ಪು ತರೋಕೆ ಇನ್ನೂ ಒಂದು ವರ್ಷ ಬರುತ್ತೆ.