ಹಾಡದೆ ಇರುವವರ ಕಡೆಗೂ ಒಂದು ಕ್ಯಾಮೆರಾ

ನಾನು ಚಿತ್ರೀಕರಿಸಿದ ಮೊದಲ ಸಂಗೀತ ಕಚೇರಿಯ ವಿಡಿಯೊ ಕಲಾವಿದರ ಕೈಸೇರಿದ ಮರುದಿನ, ಪಿಟೀಲು ನುಡಿಸಿದ್ದ ಹಿರಿಯರು ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ಆಸೆಯಿತ್ತು. “ಏನಪ್ಪಾ, ನಾನು ನುಡಿಸುವಾಗ ನನ್ನನ್ನು ತೋರಿಸಿದ್ದೀಯ, ಸರಿ. ಅವರು ಆಲಾಪನೆ ಮಾಡುವಾಗ ನಾನು ಎಲ್ಲಿಗೆ ಹೋಗಿದ್ದೆ?”

ನನ್ನಲ್ಲಿ ಉತ್ತರವಿರಲಿಲ್ಲ. ಹಾಡುವಾಗ ಗಾಯಕರ ಮುಖ, ಪಿಟೀಲಿನ ಸರದಿ ಬಂದಾಗ ಕಮಾನು, ತನಿ ಆವರ್ತನದಲ್ಲಿ ಮೃದಂಗದ ಮೇಲಿನ ಬೆರಳು. ನಾದ ಎಲ್ಲಿಂದ ಬರುತ್ತದೆಯೋ ಅಲ್ಲಿಗೆ ದೃಶ್ಯ ತಿರುಗಬೇಕು ಎಂಬಷ್ಟೇ ಸಂಕಲನ ನನಗೆ ಗೊತ್ತಿತ್ತು. ಮೂರು ಕ್ಯಾಮೆರಾ ಇಟ್ಟುಕೊಂಡು ಎರಡೂವರೆ ಗಂಟೆಯ ಕಚೇರಿಯಲ್ಲಿ ಕೇಳುತ್ತಿರುವ ಒಂದು ಮುಖವನ್ನೂ ನಾನು ಹಿಡಿದಿರಲಿಲ್ಲ.

ಗಿಟಾರ್ ನುಡಿಸುವ ಗೆಳೆಯನೊಬ್ಬ ಈ ಕಥೆ ಕೇಳಿ ಒಂದು ಹಳೆಯ ಕಪ್ಪು ಬಿಳುಪು ತುಣುಕನ್ನು ಕಳುಹಿಸಿದ. 1957ರ ಡಿಸೆಂಬರ್ 8ರಂದು ಅಮೆರಿಕದ ಸಿಬಿಎಸ್ ವಾಹಿನಿ ‘ದಿ ಸೌಂಡ್ ಆಫ್ ಜಾಝ್’ ಎಂಬ ಕಾರ್ಯಕ್ರಮವನ್ನು ನೇರ ಪ್ರಸಾರ ಮಾಡಿತ್ತು. ಅದರಲ್ಲಿ ಗಾಯಕಿ ಬಿಲಿ ಹಾಲಿಡೇ ತಾವೇ ಬರೆದ ಬ್ಲೂಸ್ ಹಾಡೊಂದನ್ನು ಹಾಡುತ್ತಾರೆ. ಬೆನ್ ವೆಬ್‌ಸ್ಟರ್, ಕೋಲ್ಮನ್ ಹಾಕಿನ್ಸ್, ಜೆರಿ ಮಲಿಗನ್, ರಾಯ್ ಎಲ್ಡ್ರಿಜ್ ಮೊದಲಾದ ಘಟಾನುಘಟಿಗಳು ಜೊತೆಗಿದ್ದಾರೆ. ಬ್ಲೂಸ್‌ನ ಒಂದು ಸುತ್ತೆಂದರೆ ಹನ್ನೆರಡು ಬಾರ್, ಅಂದರೆ ಲಯದ ಹನ್ನೆರಡು ಸಮಭಾಗ. ಆ ಸುತ್ತು ನಮ್ಮ ತಾಳದ ಆವರ್ತನದಂತೆ ಮರಳಿ ಮರಳಿ ಬರುತ್ತದೆ, ಒಬ್ಬರಾದ ಮೇಲೆ ಒಬ್ಬರು ಅದರ ಮೇಲೆ ನುಡಿಸುತ್ತಾರೆ.

ಲೆಸ್ಟರ್ ಯಂಗ್ ಅವರ ಸರದಿ ಬರುತ್ತದೆ. ಯೌವನದಲ್ಲಿ ಅವರೂ ಬಿಲಿಯವರೂ ಆಪ್ತರಾಗಿದ್ದವರು, ಒಬ್ಬರಿಗೊಬ್ಬರು ಅಡ್ಡಹೆಸರು ಕೊಟ್ಟುಕೊಂಡವರು. ಯಂಗ್ ಆ ಹೊತ್ತಿಗೆ ದೇಹದಲ್ಲಿ ಬಹಳ ಸೋತಿದ್ದರು. ಸ್ಯಾಕ್ಸೊಫೋನ್‌ನಿಂದ ಎಣಿಸಿ ಇಟ್ಟಂತೆ ಕೆಲವೇ ಸ್ವರಗಳು ಹೊರಡುತ್ತವೆ, ನಡುವೆ ಉಸಿರಿಗೆ ಜಾಗ. ಒಂದು ನಿಮಿಷವೂ ಆಗದ ಆ ವಾದನದ ನಡುವೆ ಕ್ಯಾಮೆರಾ ಬಿಲಿಯವರ ಮುಖಕ್ಕೆ ಬರುತ್ತದೆ. ಅವರು ತಲೆದೂಗುತ್ತಾರೆ. ಪ್ರತಿ ಸ್ವರವೂ ತಮಗೆ ಮೊದಲೇ ಗೊತ್ತಿತ್ತು, ಆದರೂ ಈಗಷ್ಟೇ ಸಿಕ್ಕಿತು ಎನ್ನುವಂಥ ಮುಖ. 1959ರ ಮಾರ್ಚ್‌ನಲ್ಲಿ ಯಂಗ್, ಅದೇ ಜುಲೈನಲ್ಲಿ ಬಿಲಿ ತೀರಿಕೊಂಡರು. ಇದು ನೇರ ಪ್ರಸಾರ; ಆಮೇಲೆ ಕೂತು ಕತ್ತರಿಸಿ ಜೋಡಿಸಿದ್ದಲ್ಲ. ನುಡಿಸುತ್ತಿರುವವರನ್ನು ಬಿಟ್ಟು ಕೇಳುತ್ತಿರುವವರ ಬಳಿಗೆ ಹೋಗಬೇಕೆಂದು ನಿಯಂತ್ರಣ ಕೊಠಡಿಯಲ್ಲಿದ್ದವರು ಆ ಗಳಿಗೆಯಲ್ಲೇ ತೀರ್ಮಾನಿಸಿದ್ದರು. ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಪಿಟೀಲಿನ ಹಿರಿಯರ ಪ್ರಶ್ನೆಗೆ ಉತ್ತರ ಅಲ್ಲಿತ್ತು.

ಅಲ್ಲಿಂದ ಒಂದು ಅಭ್ಯಾಸ ಶುರುವಾಯಿತು. ರಾತ್ರಿ ಊಟವಾದ ಮೇಲೆ ಇಂಥ ಒಂದು ತುಣುಕನ್ನು ಮೊದಲು ಸದ್ದಿಲ್ಲದೆ ನೋಡುವುದು, ದೃಶ್ಯ ಬದಲಾದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಒಂದು ಗೀರು ಎಳೆದು ಸಮಯ ಬರೆಯುವುದು. ಆಮೇಲೆ ಕಣ್ಣು ಮುಚ್ಚಿ ಬರೀ ಕೇಳುವುದು, ಈಗ ಯಾರನ್ನು ನೋಡಬೇಕು ಎಂದು ನನಗೆ ಅನ್ನಿಸಿದ ಗಳಿಗೆಗಳನ್ನು ಪಕ್ಕದ ಪುಟದಲ್ಲಿ ಬರೆಯುವುದು. ಎರಡೂ ಪುಟ ಹೋಲಿಸಿದಾಗ ನನ್ನ ಅವಸರ ಕಣ್ಣಿಗೆ ರಾಚುತ್ತಿತ್ತು. ಚಿತ್ರ ಮಾಡಿದವರು ಒಮ್ಮೆ ದೃಶ್ಯ ಬದಲಿಸಿದ ಕಡೆ ನಾನು ನಾಲ್ಕು ಸಲ ಬದಲಿಸಿರುತ್ತಿದ್ದೆ.

ಆ ಅವಸರ ಬಿಡಿಸಿದ್ದು ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್. 1976ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವಿಂಟರ್‌ಲ್ಯಾಂಡ್ ಸಭಾಂಗಣದಲ್ಲಿ ‘ದಿ ಬ್ಯಾಂಡ್’ ಎಂಬ ರಾಕ್ ತಂಡದ ವಿದಾಯದ ಕಾರ್ಯಕ್ರಮ ನಡೆಯಿತು. ಮಾರ್ಟಿನ್ ಸ್ಕಾರ್ಸೆಸಿ ಅದನ್ನು ಚಿತ್ರವಾಗಿಸಿದರು. ವಾಟರ್ಸ್ ವೇದಿಕೆಗೆ ಬಂದಾಗ ಉಳಿದ ಕ್ಯಾಮೆರಾಗಳು ಫಿಲ್ಮ್ ಬದಲಿಸಲು ನಿಂತಿದ್ದವಂತೆ. ಲಾಸ್ಲೊ ಕೊವಾಚ್ ಎಂಬ ಛಾಯಾಗ್ರಾಹಕರು ಕಿವಿಯ ಹೆಡ್‌ಸೆಟ್ ತೆಗೆದಿಟ್ಟಿದ್ದರಿಂದ ನಿಲ್ಲಿಸುವ ಸೂಚನೆ ಕೇಳಿಸದೆ ಅವರೊಬ್ಬರೇ ಚಿತ್ರಿಸುತ್ತ ಹೋದರು ಎಂಬುದು ಆ ತಂಡದವರು ಹೇಳಿಕೊಂಡು ಬಂದಿರುವ ಮಾತು. ಹಾಗಾಗಿ ಹೆಚ್ಚುಕಡಿಮೆ ಇಡೀ ಹಾಡು ಒಂದೇ ಕಣ್ಣಿನಿಂದ ನೋಡಿದಂತಿದೆ. ಪಕ್ಕದಲ್ಲಿ ಪಾಲ್ ಬಟರ್‌ಫೀಲ್ಡ್ ಅವರ ಹಾರ್ಮೋನಿಕಾ ಶ್ರುತಿಯ ಹಾಗೆ ಬಿಡದೆ ಮೊರೆಯುತ್ತದೆ, ವಾಟರ್ಸ್ ಅವರ ಮುಖದಲ್ಲಿ ಬಲ ತುಂಬುತ್ತ ಹೋಗುತ್ತದೆ. ನಡುವೆ ಎಲ್ಲಾದರೂ ಕತ್ತರಿಸಿದ್ದರೆ ಅದು ಸೋರಿಹೋಗುತ್ತಿತ್ತು.

ನನಗೆ ಒಪ್ಪಿಗೆಯಾಗದ್ದೂ ಇದೆ. 1958ರ ನ್ಯೂಪೋರ್ಟ್ ಜಾಝ್ ಉತ್ಸವವನ್ನು ಬರ್ಟ್ ಸ್ಟರ್ನ್ ಬಣ್ಣದಲ್ಲಿ ಸೆರೆಹಿಡಿದ ‘ಜಾಝ್ ಆನ್ ಎ ಸಮ್ಮರ್ಸ್ ಡೇ’ ಚಿತ್ರವನ್ನು ಎಲ್ಲರೂ ಹೊಗಳುತ್ತಾರೆ. ಅಗಲ ಟೋಪಿ, ಬಿಳಿ ಕೈಗವಸು ತೊಟ್ಟ ಅನಿತಾ ಓ’ಡೇ ಹಾಡುವ ಭಾಗ ನಿಜಕ್ಕೂ ಹಬ್ಬ. ಆದರೆ ಥೆಲೋನಿಯಸ್ ಮಂಕ್ ಪಿಯಾನೊ ನುಡಿಸುತ್ತಿರುವಾಗ ಚಿತ್ರ ಸಮುದ್ರದ ಹಾಯಿದೋಣಿಗಳ ಕಡೆಗೆ ಹೊರಟುಬಿಡುತ್ತದೆ. ಮಂಕ್ ಅವರ ಬೆರಳುಗಳಿಗಿಂತ ಆ ಹಾಯಿಗಳು ಏಕೆ ಮುಖ್ಯವಾದವೋ ನನಗೆ ಇಂದಿಗೂ ಅರ್ಥವಾಗಿಲ್ಲ. ಅದೇ ಮಂಕ್ ಅವರನ್ನು 1988ರಲ್ಲಿ ಶಾರ್ಲಟ್ ಜ್ವೆರಿನ್ ಅವರ ಸಾಕ್ಷ್ಯಚಿತ್ರದಲ್ಲಿ ನೋಡಬೇಕು. ಜೊತೆಗಾರ ಸ್ಯಾಕ್ಸೊಫೋನ್ ನುಡಿಸುವಾಗ ಅವರು ಪಿಯಾನೊ ಬಿಟ್ಟೆದ್ದು ನಿಂತಲ್ಲೇ ಗಿರಗಿರನೆ ಸುತ್ತುತ್ತಾರೆ. ಅದೂ ಕೇಳುವ ಒಂದು ಬಗೆ ಎಂದು ನಾನು ನಂಬಿದ್ದೇನೆ.

ಇನ್ನೊಂದು ಪಾಠ ಶುದ್ಧ ತಾಂತ್ರಿಕವಾದದ್ದು. ಅರೀಥಾ ಫ್ರಾಂಕ್ಲಿನ್ 1972ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಚರ್ಚ್ ಒಂದರಲ್ಲಿ ಎರಡು ರಾತ್ರಿ ಹಾಡಿದ್ದನ್ನು ಸಿಡ್ನಿ ಪೊಲಾಕ್ ಅವರ ತಂಡ ಚಿತ್ರಿಸಿತ್ತು. ಕ್ಯಾಮೆರಾದ ಮುಂದೆ ಟಪ್ಪೆಂದು ಬಡಿಯುವ ಕ್ಲಾಪ್ ಬೋರ್ಡ್ ಬಳಸಿರಲಿಲ್ಲ. ಚಿತ್ರಕ್ಕೂ ಧ್ವನಿಗೂ ಹೊಂದಿಸಲು ಗುರುತೇ ಇರಲಿಲ್ಲ. ಮುಂದೆ ಡಿಜಿಟಲ್ ತಂತ್ರಜ್ಞಾನ ಬಂದ ಮೇಲೆ ಅದು ಸಾಧ್ಯವಾಯಿತು, ಆಮೇಲೂ ಅಡೆತಡೆಗಳಿದ್ದು 2018ರಲ್ಲಿ ಚಿತ್ರ ಹೊರಬಂತು. ಅದು ಬ್ಲೂಸ್ ಅಲ್ಲ, ಭಕ್ತಿ ಸಂಗೀತ. ಆದರೂ ಇಲ್ಲಿ ಹೇಳಲೇಬೇಕು. ಈಗ ತಂಬೂರಿ ಶ್ರುತಿ ಸೇರಿಸುವ ಹೊತ್ತಿಗೇ ಎಲ್ಲ ಕ್ಯಾಮೆರಾ ಚಾಲೂ ಮಾಡಿ, ವೇದಿಕೆಯ ಮುಂದೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟುತ್ತೇನೆ. ನಡುವೆ ಬ್ಯಾಟರಿ ಬದಲಿಸಿದರೆ ಆ ಕ್ಯಾಮೆರಾದ ಮುಂದೆ, ಕೃತಿ ಮುಗಿದ ಮೇಲೆ, ಮತ್ತೊಮ್ಮೆ.

ಮರುವರ್ಷ ಮಲ್ಲೇಶ್ವರದ ಒಂದು ಸಣ್ಣ ಸಭಾಂಗಣದಲ್ಲಿ ಅದೇ ಹಿರಿಯರ ಪಿಟೀಲು. ಮೂರನೆಯ ಕ್ಯಾಮೆರಾವನ್ನು ಕಚೇರಿಯುದ್ದಕ್ಕೂ ಅವರ ಮೇಲೆಯೇ ಇಟ್ಟೆ, ನುಡಿಸಲಿ ಬಿಡಲಿ. ಖರಹರಪ್ರಿಯದ ಆಲಾಪನೆಯಲ್ಲಿ ಗಾಯಕರು ಪಂಚಮದಲ್ಲಿ ನಿಂತಾಗ ಅವರು ಕಮಾನನ್ನು ತಂತಿಯಿಂದ ಎತ್ತಿದ್ದರು. ಎಡಗೈ ಬೆರಳುಗಳು ಮಾತ್ರ ಸದ್ದಿಲ್ಲದೆ ಮುಂದಿನ ಸಂಚಾರವನ್ನು ಹುಡುಕುತ್ತಿದ್ದವು. ಆ ದೃಶ್ಯವನ್ನು ಐವತ್ತೆರಡು ಸೆಕೆಂಡ್ ಕತ್ತರಿಸದೆ ಇಟ್ಟೆ. ಕೆಳಗೆ ಗಾಯಕರ ದನಿಯಷ್ಟೇ.

ಸಂಕಲನದಲ್ಲಿ ಒಂದು ಆಸೆ ಬಂದಿತ್ತು. ಮೃದಂಗದವರು ಬೇರೊಂದು ಕೃತಿಯಲ್ಲಿ ಸೊಗಸಾಗಿ ‘ಆಹಾ’ ಎಂದು ತಲೆದೂಗಿದ್ದರು. ಅದನ್ನು ಇಲ್ಲಿಗೆ ತಂದು ಜೋಡಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತರಲಿಲ್ಲ. ಬಿಲಿಯವರ ತಲೆದೂಗುವಿಕೆ ಬೇರೆ ಹಾಡಿನದಾಗಿದ್ದರೆ ಎಂದು ಯೋಚಿಸಿದೆ, ಕೈ ಹಿಂದೆ ಸರಿಯಿತು.

ಹಿರಿಯರು ಈ ಸಲವೂ ಫೋನ್ ಮಾಡಿದರು. “ಕಮಾನು ಎತ್ತಿ ಹಾಗೆ ಬೆರಳಾಡಿಸುತ್ತೇನೆ ಎನ್ನುವುದು ನನಗೇ ಗೊತ್ತಿರಲಿಲ್ಲ ಕಣಪ್ಪಾ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಿಂದೆ ಕೂತಿದ್ದಳಲ್ಲ, ತಂಬೂರಿ ಹಿಡಿದ ಮಗು, ಅವಳು ಎಲ್ಲೂ ಕಾಣಲಿಲ್ಲ” ಎಂದರು.

ಮುಂದಿನ ಕಚೇರಿಗೆ ನಾಲ್ಕನೆಯ ಕ್ಯಾಮೆರಾ ಬಾಡಿಗೆಗೆ ಹೇಳಿದ್ದೇನೆ. ವೇದಿಕೆಯ ಎಡಬದಿಯ ಪರದೆಯ ಪಕ್ಕ ಸ್ಟ್ಯಾಂಡ್ ಇಟ್ಟರೆ, ಗಾಯಕರ ಹೆಗಲ ಹಿಂದಿನಿಂದ ಅವಳ ಮುಖ ಕಾಣುತ್ತದೆ.