ನಾಲ್ಕು ಮಕ್ಕಳಿಗೆ ಒಂದೇ ಟ್ಯಾಬ್

ಟ್ಯಾಬ್ ಬಂದರೆ ಮಕ್ಕಳು ತಮ್ಮತಮ್ಮಲ್ಲಿ ಮಾತಾಡೋದನ್ನೇ ಬಿಡುತ್ತಾರೆ ಅನ್ನುವ ಆತಂಕ ಹಲವು ಶಿಕ್ಷಕರಿಗಿದೆ. ಒಬ್ಬೊಬ್ಬರ ಕೈಗೂ ಒಂದೊಂದು ಕೊಟ್ಟರೆ ಆ ಆತಂಕ ನಿಜವೇ. ಅದಕ್ಕೇ ನಾನು, ಟ್ಯಾಬ್‌ಗಳು ಸಾಕಷ್ಟಿದ್ದರೂ, ನಾಲ್ವರಿಗೆ ಒಂದನ್ನೇ ಕೊಡುತ್ತೇನೆ. ಟ್ಯಾಬ್ ಹಿಡಿದವರು ತಮ್ಮ ಉತ್ತರ ಬರೆಯುವಂತಿಲ್ಲ. ಉಳಿದ ಮೂವರು ಹೇಳಿದ್ದನ್ನಷ್ಟೇ ಬರೆಯಬೇಕು. ಸ್ವಲ್ಪ ಹೊತ್ತಿಗೆ ಟ್ಯಾಬ್ ಇನ್ನೊಬ್ಬರ ಕೈಗೆ ಹೋಗುತ್ತದೆ. ಚುರುಕು ಮಕ್ಕಳಿಗೆ ಮೊದಮೊದಲು ಇದು ತುಂಬಾ ಕಷ್ಟ. ಉತ್ತರ ಗೊತ್ತಿದ್ದೂ ಬೇರೆಯವರ ಮಾತು ಮುಗಿಯುವ ತನಕ ಕಾಯಬೇಕು, ಅಲ್ವಾ?

ಆದರೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಟ್ಯಾಬ್‌ನಲ್ಲಿರುವ ಸಾದಾ ಧ್ವನಿ ರೆಕಾರ್ಡರ್. ಗುಂಪು ಚರ್ಚೆಯ ಐದು ನಿಮಿಷವನ್ನು ಮಕ್ಕಳೇ ರೆಕಾರ್ಡ್ ಮಾಡುತ್ತಾರೆ. ಆಮೇಲೆ ಅದೇ ಗುಂಪು ಕೂತು ಕೇಳುತ್ತದೆ. ಯಾರು ಎಷ್ಟು ಸಲ ಮಾತಾಡಿದರು, ಯಾರ ಮಾತು ಅರ್ಧಕ್ಕೇ ನಿಂತಿತು, ಯಾರು ಪ್ರಶ್ನೆ ಕೇಳಿದರು ಎಂದು ಕಾಗದದ ಮೇಲೆ ಗೆರೆ ಹಾಕುತ್ತಾ ಹೋಗುತ್ತಾರೆ. ನಾನು ಮಧ್ಯೆ ಬಾಯಿ ಹಾಕುವುದಿಲ್ಲ. 'ನಡುವೆ ಮಾತಾಡಬೇಡ' ಎಂದು ನಾನು ಹೇಳಿದರೆ ಅದು ಬೈಗುಳ. ತನ್ನದೇ ದನಿ ಗೆಳತಿಯ ಮಾತನ್ನು ಕತ್ತರಿಸುವುದು ಕಿವಿಗೆ ಬಿದ್ದಾಗ ಹುಡುಗಿ ತಾನಾಗಿ ಸುಮ್ಮನಾಗುತ್ತಾಳೆ. ಮುಂದಿನ ಚರ್ಚೆಯಲ್ಲಿ 'ನೀನು ಹೇಳು, ಆಮೇಲೆ ನಾನು' ಎನ್ನುವುದು ಕೇಳಿಸುತ್ತದೆ. ಕೇಳಿ ಮುಗಿದ ಕೂಡಲೇ ರೆಕಾರ್ಡಿಂಗ್ ಅಳಿಸಿಬಿಡುತ್ತೇವೆ. ಅದು ಅಂಕಕ್ಕೂ ಅಲ್ಲ, ಪೋಷಕರಿಗೆ ತೋರಿಸಲೂ ಅಲ್ಲ. ಈ ಭರವಸೆ ಇಲ್ಲದಿದ್ದರೆ ಮಕ್ಕಳು ರೆಕಾರ್ಡರ್‌ಗಾಗಿ ನಟಿಸಲು ಶುರು ಮಾಡುತ್ತಾರೆ.

ಎರಡು ಸಲ ಮತ ಹಾಕಿಸುವ ಕ್ರಮವನ್ನೂ ಬಳಸುತ್ತೇನೆ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಝೂರ್ 1990ರ ದಶಕದಲ್ಲಿ ಬೆಳೆಸಿದ ವಿಧಾನ ಇದು. ಪ್ರಶ್ನೆ ಪರದೆಯ ಮೇಲೆ ಬರುತ್ತದೆ. ಎಲ್ಲರೂ ಒಬ್ಬೊಬ್ಬರಾಗಿ, ಮಾತಿಲ್ಲದೆ, ಟ್ಯಾಬ್‌ನಲ್ಲಿ ಉತ್ತರ ಆರಿಸುತ್ತಾರೆ. ಸರಿ ಉತ್ತರ ಕೊಟ್ಟವರು ಸುಮಾರು ಶೇ. 30ರಿಂದ 70ರಷ್ಟಿದ್ದರೆ ಉತ್ತರ ಹೇಳದೆ ಪಕ್ಕದವರ ಜೊತೆ ಚರ್ಚೆಗೆ ಬಿಡುತ್ತೇನೆ, ನಂತರ ಮತ್ತೊಮ್ಮೆ ಮತ. ಯಾರು ಏನು ಆರಿಸಿದರೆಂದು ಪರದೆ ತೋರಿಸುವುದಿಲ್ಲ. ಹಾಗಾಗಿ ಸಂಕೋಚದ ಮಕ್ಕಳೂ ಧೈರ್ಯವಾಗಿ ಒತ್ತುತ್ತಾರೆ.

ಎರಡನೇ ಮತದ ನಂತರ ನಾನು ಮೊದಲು 'ಸರಿ ಉತ್ತರ ಯಾವುದು' ಎಂದು ಕೇಳುವುದಿಲ್ಲ. 'ಯಾರ ಯಾವ ಮಾತು ಕೇಳಿ ನಿಮ್ಮ ಉತ್ತರ ಬದಲಾಯಿತು?' ಎಂದು ಕೇಳುತ್ತೇನೆ. ಮಕ್ಕಳು ಪಕ್ಕದವರ ಹೆಸರು ಹೇಳಿ, ಅವರ ವಾದವನ್ನು ತಮ್ಮ ಮಾತಿನಲ್ಲಿ ವಿವರಿಸುತ್ತಾರೆ. ತಪ್ಪಾಗಿ ವಿವರಿಸಿದರೆ ಆ ಪಕ್ಕದವರೇ ತಿದ್ದುತ್ತಾರೆ.